ಅಗ್ರಿಮೆಂಟ್‌ನಲ್ಲಿ ‘ಪ್ರಸಾರ ಕಾನೂನು’ ಅಂದರೆ ಯಾವುದು? ನಿರ್ಮಾಪಕರು ಮತ್ತು ಕೇಬಲ್ ಆಪರೇಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಾನೆಲ್‌ಗೆ ಸಿನಿಮಾ ಮಾರುವವರು, ಧಾರಾವಾಹಿ ಮಾಡಿಕೊಡುವವರು, ಊರಲ್ಲಿ ಕೇಬಲ್ ನಡೆಸುವವರು ಸಹಿ ಹಾಕುವ ಕಾಗದಗಳಲ್ಲಿ ಒಂದು ಮಾತು ತಪ್ಪದೇ ಬರುತ್ತದೆ: ‘ಅನ್ವಯವಾಗುವ ಪ್ರಸಾರ ಕಾನೂನುಗಳಿಗೆ ಒಳಪಟ್ಟು’. ಹಣ ಎಷ್ಟು, ಕಂತು ಯಾವಾಗ, ಅವಧಿ ಎಷ್ಟು ವರ್ಷ ಅನ್ನೋದನ್ನು ಎಲ್ಲರೂ ನೋಡುತ್ತಾರೆ. ಶುರುವಿನಲ್ಲಿರುವ ವ್ಯಾಖ್ಯೆಗಳ ಪುಟವನ್ನು ಮಾತ್ರ ಸುಮ್ನೆ ಮಗುಚಿ ಹಾಕುತ್ತಾರೆ. ತಕರಾರು ಬಂದ ದಿನ ಎರಡೂ ಕಡೆಯ ವಕೀಲರು ಮೊದಲು ತೆಗೆಯುವುದು ಆ ಪುಟವನ್ನೇ.

ಇಲ್ಲಿರುವುದೆಲ್ಲ ಭಾರತದ ಕಾನೂನಿನ ಮಾತು. ಓದಿದ ಮೇಲೂ ನಿಮ್ಮ ಕೈಯಲ್ಲಿರುವ ಅಗ್ರಿಮೆಂಟನ್ನು ಒಬ್ಬ ವಕೀಲರಿಗೆ ತೋರಿಸಿ.

ಭಾರತದಲ್ಲಿ ‘ಪ್ರಸಾರ ಕಾನೂನು’ ಅನ್ನುವ ಹೆಸರಿನ ಕಾಯ್ದೆ ಇದೆಯಾ?

ಇಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ.

ಇರುವುದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದ ಕಾಯ್ದೆಗಳು. ಕೇಬಲ್ ಮತ್ತು ಟಿವಿ ಕಾರ್ಯಕ್ರಮಗಳಿಗೆ 1995ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ಕಾಯ್ದೆ, ಅದರ ಜೊತೆಗೆ 1994ರ ನಿಯಮಗಳು. ನಿಯಮದ ವರ್ಷ ಕಾಯ್ದೆಗಿಂತ ಹಿಂದಿನದಲ್ವಾ ಅಂತ ಹಲವರು ಕೇಳುತ್ತಾರೆ. ಮೊದಲು ಸುಗ್ರೀವಾಜ್ಞೆ ಬಂತು, ಅದರಡಿ ನಿಯಮ ಬಂದವು, ಕಾಯ್ದೆ ಆಮೇಲೆ ಬಂತು. ಆಕಾಶವಾಣಿ, ದೂರದರ್ಶನಕ್ಕೆ 1990ರ ಪ್ರಸಾರ ಭಾರತಿ ಕಾಯ್ದೆ. ಅದು ಜಾರಿಗೆ ಬಂದಿದ್ದು 1997ರಲ್ಲಿ. ದರ, ಚಾನೆಲ್ ಹಂಚಿಕೆ, ಸಂಪರ್ಕ ಒಪ್ಪಂದಗಳಿಗೆ 1997ರ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕಾಯ್ದೆ. ಇದು ಹುಟ್ಟಿದ್ದು ಟೆಲಿಫೋನ್‌ಗಾಗಿ. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಪ್ರಸಾರ ಮತ್ತು ಕೇಬಲ್ ಸೇವೆಯನ್ನೂ ‘ದೂರಸಂಪರ್ಕ ಸೇವೆ’ಯ ಒಳಗೆ ತಂದಿತು. ಚಾನೆಲ್ ಶುರುಮಾಡಲು 2022ರ ಅಪ್‌ಲಿಂಕಿಂಗ್, ಡೌನ್‌ಲಿಂಕಿಂಗ್ (ಉಪಗ್ರಹಕ್ಕೆ ಸಿಗ್ನಲ್ ಕಳಿಸುವ, ಅಲ್ಲಿಂದ ಇಳಿಸಿಕೊಳ್ಳುವ) ಮಾರ್ಗಸೂಚಿ ಇದೆ. ಹಕ್ಕುಗಳಿಗೆ 1957ರ ಕಾಪಿರೈಟ್ ಕಾಯ್ದೆ, ಸಿನಿಮಾ ಪ್ರಮಾಣಪತ್ರಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ.

ಇವನ್ನೆಲ್ಲ ಒಂದೇ ಕಡೆ ತರಲು ಸರ್ಕಾರ 2023ರ ನವೆಂಬರ್‌ನಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಹೊರಡಿಸಿತ್ತು. ಅದು ಕರಡಿನಲ್ಲೇ ನಿಂತಿತು. ಹಾಗಾಗಿ ಅಗ್ರಿಮೆಂಟ್ ಬರೆಯುವವರು ‘ಪ್ರಸಾರ ಕಾನೂನು’ ಅಂದರೆ ಏನು ಅನ್ನೋದನ್ನು ತಾವೇ ಕಟ್ಟಬೇಕು. ಕಟ್ಟುವವರು ಸಾಮಾನ್ಯವಾಗಿ ಚಾನೆಲ್ ಕಡೆಯವರು. ತಮಗೆ ಅನುಕೂಲವಾಗುವ ಹಾಗೆ ಅವರು ಕಟ್ಟಿಕೊಳ್ಳುವುದು ಸಹಜ.

ಆ ವ್ಯಾಖ್ಯೆ ನೋಡಲು ಹೇಗಿರುತ್ತದೆ?

ಹೆಚ್ಚುಕಡಿಮೆ ಹೀಗೆ. ಇದು ಯಾವುದೇ ಕಂಪನಿಯ ಕಾಗದದಿಂದ ಎತ್ತಿದ್ದಲ್ಲ, ರೂಢಿಯಲ್ಲಿರುವ ಧಾಟಿಯಲ್ಲಿ ಬರೆದ ಮಾದರಿ:

“ಪ್ರಸಾರ ಕಾನೂನು ಎಂದರೆ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ಕಾಯ್ದೆ 1995, ಸಿನಿಮಾಟೋಗ್ರಾಫ್ ಕಾಯ್ದೆ 1952, ಟ್ರಾಯ್ ಕಾಯ್ದೆ 1997, ಮತ್ತು ಅವುಗಳ ಅಡಿಯಲ್ಲಿ ಹೊರಡಿಸಿದ ಎಲ್ಲ ನಿಯಮ, ನಿಬಂಧನೆ, ಮಾರ್ಗಸೂಚಿ, ಸಂಹಿತೆ, ಸಲಹಾಪತ್ರ ಹಾಗೂ ಆದೇಶಗಳು, ಕಾಲಕಾಲಕ್ಕೆ ತಿದ್ದುಪಡಿಯಾದಂತೆ, ಮತ್ತು ಕಾರ್ಯಕ್ರಮ ಪ್ರಸಾರವಾಗುವ ಯಾವುದೇ ಪ್ರದೇಶದಲ್ಲಿ ಜಾರಿಯಲ್ಲಿರುವ ಅಂಥದೇ ಕಾನೂನುಗಳು.”

ಒಂದೇ ವಾಕ್ಯ, ಆದರೆ ಒಳಗೆ ನಾಲ್ಕು ನಿರ್ಧಾರಗಳಿವೆ. ಮೊದಲಿನದು ಯಾವ ಯಾವ ಕಾಯ್ದೆ ಅನ್ನೋದು. ಕಾಪಿರೈಟ್ ಕಾಯ್ದೆಯ ಹೆಸರು ಈ ಮಾದರಿಯಲ್ಲಿ ಇಲ್ಲ ನೋಡಿ. ಅದು ಬೇರೆ ಕಲಂನಲ್ಲಿ ಬಂದಿರಬಹುದು, ಬಿಟ್ಟೇ ಹೋಗಿರಬಹುದು. ‘ಸಂಹಿತೆ, ಸಲಹಾಪತ್ರ’ ಅನ್ನುವಲ್ಲಿ ಸಂಸತ್ತು ಮಾಡದ ಕಾಗದಗಳೂ ಒಳಗೆ ಬಂದವು. ‘ಕಾಲಕಾಲಕ್ಕೆ’ ಅನ್ನುವಲ್ಲಿ ನಾಳೆ ಬರುವ ಕಾನೂನಿಗೂ ಇವತ್ತೇ ಒಪ್ಪಿಗೆ ಕೊಟ್ಟಂತಾಯಿತು. ಕೊನೆಯ ತುಂಡು ಎಲ್ಲಕ್ಕಿಂತ ಭಾರ. ‘ಯಾವುದೇ ಪ್ರದೇಶ’ ಅಂದಾಗ ಸಿನಿಮಾವನ್ನು ಇಡೀ ಜಗತ್ತಿಗೆ ಮಾರಿದ ನಿರ್ಮಾಪಕ ದುಬೈ, ಲಂಡನ್ ಎಲ್ಲ ಕಡೆಯ ಕಾನೂನಿಗೂ ಬದ್ಧ ಅಂತ ಬರೆದುಕೊಟ್ಟ ಹಾಗೆ.

ಈ ವಾಕ್ಯ ಒಂದೇ ಇದ್ದರೆ ಯಾರಿಗೂ ತೊಂದರೆ ಇಲ್ಲ. ಹತ್ತು ಪುಟ ಆದಮೇಲೆ ‘ಕಾರ್ಯಕ್ರಮವು ಪ್ರಸಾರ ಕಾನೂನಿಗೆ ಅನುಗುಣವಾಗಿದೆ ಎಂದು ನಿರ್ಮಾಪಕರು ಖಾತರಿ ಕೊಡುತ್ತಾರೆ’ ಅಂತ ಬರುತ್ತದೆ. ಇನ್ನೂ ಮುಂದೆ ‘ಖಾತರಿ ತಪ್ಪಿದರೆ ಆಗುವ ಎಲ್ಲ ನಷ್ಟವನ್ನು ನಿರ್ಮಾಪಕರು ತುಂಬಿಕೊಡತಕ್ಕದ್ದು’ ಅಂತ ಬರುತ್ತದೆ. ಮೂರನ್ನೂ ಜೋಡಿಸಿ ಓದಿದಾಗಲೇ ಮೊದಲ ಪುಟದ ವ್ಯಾಖ್ಯೆಯ ಬೆಲೆ ತಿಳಿಯುವುದು.

‘ಎಂದರೆ’ ಅಂತ ಇರುವುದಕ್ಕೂ ‘ಒಳಗೊಂಡಿರುತ್ತದೆ’ ಅಂತ ಇರುವುದಕ್ಕೂ ವ್ಯತ್ಯಾಸ ಇದೆಯಾ?

ತುಂಬ ಇದೆ. ‘ಎಂದರೆ’ ಅಂತ ಬರೆದರೆ ಪಟ್ಟಿ ಅಲ್ಲಿಗೆ ಮುಗಿಯಿತು. ‘ಒಳಗೊಂಡಿರುತ್ತದೆ’ ಅಂತ ಬರೆದರೆ ಪಟ್ಟಿಯಲ್ಲಿರುವುದು ಉದಾಹರಣೆ ಮಾತ್ರ, ಹೊರಗಿನದನ್ನೂ ಸೇರಿಸಬಹುದು ಅಂತ ವಾದಿಸಲು ಜಾಗ ಇರುತ್ತದೆ. ಖಾತರಿ ಕೊಡುವವರು ನೀವಾಗಿದ್ದರೆ ‘ಎಂದರೆ’ ಕೇಳಿ.

ಪಟ್ಟಿಯಲ್ಲಿ ಹೆಸರಿಲ್ಲದ ಕಾನೂನು ನನಗೆ ಅನ್ವಯವಾಗುವುದಿಲ್ಲವಾ?

ಅನ್ವಯವಾಗುತ್ತದೆ. ಅಗ್ರಿಮೆಂಟ್ ಬರೆದು ಯಾರೂ ದೇಶದ ಕಾನೂನಿನಿಂದ ತಪ್ಪಿಸಿಕೊಳ್ಳಲಾಗದು. 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಕಾನೂನಿಗೆ ವಿರುದ್ಧವಾದ ಉದ್ದೇಶದ ಕರಾರು ನಿಲ್ಲುವುದೇ ಇಲ್ಲ.

ಬದಲಾಗುವುದು ಇಷ್ಟು: ಕಾನೂನು ಮುರಿದರೆ ಸರ್ಕಾರಕ್ಕೆ ಉತ್ತರ ಕೊಡುವುದು ಒಂದು, ಎದುರು ಪಕ್ಷಕ್ಕೆ ನಷ್ಟ ತುಂಬಿಕೊಡುವುದು ಇನ್ನೊಂದು. ಎರಡನೆಯದು ವ್ಯಾಖ್ಯೆಯ ಮೇಲೆ ನಿಂತಿದೆ. ಪಟ್ಟಿಯಲ್ಲಿ ಇಲ್ಲದ ಕಾನೂನು ಮುರಿದ ಕಾರಣಕ್ಕೆ ‘ಪ್ರಸಾರ ಕಾನೂನಿನ ಖಾತರಿ ತಪ್ಪಿದೆ’ ಅಂತ ಹೇಳಿ ಕರಾರು ರದ್ದು ಮಾಡುವುದು ಎದುರಿನವರಿಗೆ ಕಷ್ಟ.

ಹೆಸರಿನಲ್ಲಿ ಪ್ರಸಾರ ಅಂತ ಇಲ್ಲದಿದ್ದರೂ ಪ್ರಸಾರವನ್ನು ಕಟ್ಟಿಹಾಕುವ ಕಾನೂನುಗಳು ಹಲವಿವೆ. ಸಿನಿಮಾ ಶುರುವಾಗುವಾಗ ಬರುವ ತಂಬಾಕು ಎಚ್ಚರಿಕೆ, ಸಿಗರೇಟು ಕಂಡಾಗ ಪರದೆಯ ಕೆಳಗೆ ಬರುವ ಸಾಲು, ಇವೆಲ್ಲ ತಂಬಾಕು ನಿಯಂತ್ರಣ ಕಾಯ್ದೆಯ ನಿಯಮಗಳಿಂದ ಬಂದವು. 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಇವೆ. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆ ಟಿವಿಯಲ್ಲಿ ಚುನಾವಣಾ ವಿಷಯ ತೋರಿಸಬಾರದು ಅನ್ನುವುದು ಜನಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ. ತಾಲ್ಲೂಕು ಮಟ್ಟದಲ್ಲಿ ಲೋಕಲ್ ಚಾನೆಲ್ ನಡೆಸುವವರಿಗೆ ಇದು ಕೇಬಲ್ ಕಾಯ್ದೆಯಷ್ಟೇ ಮುಖ್ಯ. ರಾಜಕೀಯ ಜಾಹೀರಾತಿಗೆ ಮೊದಲೇ ಪ್ರಮಾಣೀಕರಣ ಬೇಕು ಅನ್ನುವುದು 2004ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದಿದ್ದು.

ಮಾರ್ಗಸೂಚಿ, ಸಲಹಾಪತ್ರ, ಖಾಸಗಿ ಸಂಸ್ಥೆಗಳ ಸಂಹಿತೆ, ಇವೂ ಕಾನೂನಾ?

ಎಲ್ಲವೂ ಒಂದೇ ತೂಕದವಲ್ಲ. ಕೇಬಲ್ ನಿಯಮಗಳಲ್ಲಿ 6ನೆಯದು ಕಾರ್ಯಕ್ರಮ ಸಂಹಿತೆ, 7ನೆಯದು ಜಾಹೀರಾತು ಸಂಹಿತೆ. ಕಾಯ್ದೆಯ 5 ಮತ್ತು 6ನೇ ಕಲಂಗಳು ಇವನ್ನು ಕಡ್ಡಾಯ ಮಾಡಿವೆ, ಹಾಗಾಗಿ ಅನುಮಾನವಿಲ್ಲ. ಒಂದು ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಬೇಡ ಅನ್ನುವ ಮಿತಿ ಇರುವುದೂ 7ನೇ ನಿಯಮದಲ್ಲೇ. ಅದರಲ್ಲಿ 10 ನಿಮಿಷ ವಾಣಿಜ್ಯ ಜಾಹೀರಾತಿಗೆ, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ.

ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆ ಸ್ವಾರಸ್ಯದ ವಿಷಯ. ಮಂಡಳಿ ಸರ್ಕಾರದ್ದಲ್ಲ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡದ್ದು. ಆದರೆ ಆ ಸಂಹಿತೆಯನ್ನು ಮುರಿಯುವ ಜಾಹೀರಾತು ಕೇಬಲ್‌ನಲ್ಲಿ ಬರಬಾರದು ಅಂತ 7ನೇ ನಿಯಮವೇ ಹೇಳುತ್ತದೆ. ಹೀಗೆ ಖಾಸಗಿ ಸಂಸ್ಥೆಯೊಂದರ ಬರಹಕ್ಕೆ ಕಾನೂನಿನ ಬಲ ಬಂತು.

ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಆಗಾಗ ಕಳಿಸುವ ಸಲಹಾಪತ್ರ ಬೇರೆ. ಅದು ಚಾನೆಲ್‌ಗಳನ್ನು ಉದ್ದೇಶಿಸಿ ಬರೆದದ್ದು, ನಿರ್ಮಾಪಕರ ಮನೆಗೆ ಬರುವುದಿಲ್ಲ. ನಿಮ್ಮ ಕೈಗೇ ಬರದ ಕಾಗದಕ್ಕೆ ನೀವು ಖಾತರಿ ಕೊಡುವುದು ಸರಿಯಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ‘ಚಾನೆಲ್ ಲಿಖಿತವಾಗಿ ತಿಳಿಸಿದ ಸಲಹಾಪತ್ರಗಳು’ ಅಂತ ಎರಡು ಮಾತು ಸೇರಿಸಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಒಪ್ಪದಿರಲು ಕಾರಣವೂ ಇಲ್ಲ.

ಸಹಿ ಹಾಕಿದ ಮೇಲೆ ಕಾನೂನು ಬದಲಾದರೆ?

‘ಕಾಲಕಾಲಕ್ಕೆ ತಿದ್ದುಪಡಿಯಾದಂತೆ’ ಅನ್ನುವುದು ಇದಕ್ಕೇ. ತಿದ್ದುಪಡಿ ಮಾತ್ರ ಅಲ್ಲ, ಹಳೆಯ ಕಾಯ್ದೆಯೇ ಹೋಗಿ ಹೊಸದು ಬರಬಹುದು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಬದಲಿಗೆ 2023ರ ದೂರಸಂಪರ್ಕ ಕಾಯ್ದೆ ಬಂತು. ಅದನ್ನು 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ತರತೊಡಗಿದರು. ಡಿಟಿಎಚ್ ಲೈಸೆನ್ಸ್ ಕೊಡುತ್ತಿದ್ದದ್ದು ಆ ಹಳೆಯ ಟೆಲಿಗ್ರಾಫ್ ಕಾಯ್ದೆಯ ಅಡಿ. ನಿಮ್ಮ ಅಗ್ರಿಮೆಂಟಿನಲ್ಲಿ 1885ರ ಹೆಸರೇ ಇದ್ದರೆ ಗಾಬರಿ ಬೇಡ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 8ನೇ ಕಲಂ ಪ್ರಕಾರ, ರದ್ದಾಗಿ ಮತ್ತೆ ಹೊಸದಾಗಿ ಬಂದ ಕಾನೂನಿನ ಹಳೆಯ ಉಲ್ಲೇಖವನ್ನು ಹೊಸದರ ಉಲ್ಲೇಖ ಅಂತಲೇ ಓದಬೇಕು, ಬೇರೆ ಉದ್ದೇಶ ಕಾಣದಿದ್ದರೆ. ಈ ಮಾತು ಕಾಯ್ದೆಗಳಲ್ಲಿನ ಉಲ್ಲೇಖಕ್ಕಷ್ಟೇ ಅಲ್ಲ, ದಸ್ತಾವೇಜುಗಳಿಗೂ ಇದೆ.

ಹೊಸ ಕಾನೂನಿನಿಂದ ಬರುವ ಖರ್ಚು ಯಾರದ್ದು ಅನ್ನುವ ಪ್ರಶ್ನೆಗೆ ಮಾತ್ರ ಯಾವ ಕಾಯ್ದೆಯೂ ಉತ್ತರ ಕೊಡುವುದಿಲ್ಲ. ಮುಗಿಸಿ ಕೊಟ್ಟ ಧಾರಾವಾಹಿಗೆ ಆಮೇಲೆ ಬಂದ ನಿಯಮದಿಂದ ಮತ್ತೆ ಎಡಿಟಿಂಗ್, ಮತ್ತೆ ಡಬ್ಬಿಂಗ್ ಬೇಕಾದರೆ? ‘ಕಂತು ಒಪ್ಪಿಸಿದ ದಿನ ಜಾರಿಯಲ್ಲಿರುವ ಕಾನೂನು’ ಅಂತ ಖಾತರಿಯನ್ನು ಆ ದಿನಕ್ಕೆ ಕಟ್ಟಿಬಿಡಿ. ಆಮೇಲಿನ ಬದಲಾವಣೆಯ ಖರ್ಚು ಪ್ರಸಾರ ಮಾಡುವವರದ್ದು ಅಂತಲೂ ಬರೆಸಿ. ಇದನ್ನು ಬಾಯಿಮಾತಿಗೆ ಬಿಡಬೇಡಿ.

ಸ್ಯಾಟಲೈಟ್ ರೈಟ್ಸ್ ಮಾರುವಾಗ ಯಾವ ವ್ಯಾಖ್ಯೆ ನೋಡಬೇಕು?

ಇಲ್ಲಿ ‘ಪ್ರಸಾರ ಕಾನೂನು’ ಅನ್ನುವುದಕ್ಕಿಂತ ‘ಪ್ರಸಾರ’ ಅನ್ನುವ ವ್ಯಾಖ್ಯೆ ಮುಖ್ಯ. ಗಾಂಧಿನಗರದಲ್ಲಿ ಹಲವು ನಿರ್ಮಾಪಕರು ಕಳೆದುಕೊಂಡಿರುವುದು ಈ ಜಾಗದಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಪಿರೈಟ್ ಕಾಯ್ದೆಯಲ್ಲಿ ಪ್ರಸಾರ ಅಂದರೆ ತಂತಿ ಇಲ್ಲದೆ ಅಥವಾ ತಂತಿಯ ಮೂಲಕ ಸಾರ್ವಜನಿಕರಿಗೆ ತಲುಪಿಸುವುದು, ಮರುಪ್ರಸಾರವೂ ಸೇರಿ. ಪ್ರಸಾರ ಭಾರತಿ ಕಾಯ್ದೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳ ಮೂಲಕ, ಆಕಾಶದಲ್ಲಿ ಅಥವಾ ಕೇಬಲ್‌ನಲ್ಲಿ, ಜನಸಾಮಾನ್ಯರಿಗಾಗಿ ಹರಡುವುದು. ಅಗ್ರಿಮೆಂಟಿನಲ್ಲಿ ‘ಪ್ರಸಾರ ಕಾನೂನಿನಲ್ಲಿ ಹೇಳಿದ ಎಲ್ಲ ಬಗೆಯ ಪ್ರಸಾರದ ಹಕ್ಕು’ ಅಂತ ಬರೆದರೆ ಇಂಟರ್ನೆಟ್ ಅದರಲ್ಲಿ ಬಂತಾ ಇಲ್ಲವಾ ಅನ್ನುವ ಜಗಳಕ್ಕೆ ಬಾಗಿಲು ತೆರೆದಂತೆ. ರೇಡಿಯೊ, ಟಿವಿಗಳು ಹಾಡು ಬಳಸಲು ಇರುವ ಕಾಪಿರೈಟ್ ಕಾಯ್ದೆಯ 31ಡಿ ಕಲಂನ ಶಾಸನಬದ್ಧ ಲೈಸೆನ್ಸ್ ಇಂಟರ್ನೆಟ್ ಸೇವೆಗೆ ಸಿಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆ ಜಗಳ ಹಾಡಿನದ್ದು. ಆದರೂ ಪ್ರಸಾರ ಬೇರೆ, ಸ್ಟ್ರೀಮಿಂಗ್ ಬೇರೆ ಅಂತ ವಾದಿಸುವವರಿಗೆ ಅದು ಆಸರೆ.

ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಹಕ್ಕಿನ ಮಾಲೀಕರಿಗೆ ಒಂದು ಒಳ್ಳೆಯ ರಕ್ಷಣೆ ಕೊಟ್ಟಿದೆ. ಹಕ್ಕು ವಹಿಸಿಕೊಟ್ಟಾಗ ಇಲ್ಲದ, ಅಥವಾ ವ್ಯಾಪಾರದ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ ಆ ವಹಿವಾಟು ಅನ್ವಯಿಸುವುದಿಲ್ಲ. ಆ ಮಾಧ್ಯಮದ ಹೆಸರು ಹೇಳಿ ಬರೆದಿದ್ದರೆ ಮಾತ್ರ ಅನ್ವಯಿಸುತ್ತದೆ. ಇದರ ಜೊತೆ 19ನೇ ಕಲಂ ಇದೆ: ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಅಗ್ರಿಮೆಂಟಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ. ಬಹುತೇಕ ಅಗ್ರಿಮೆಂಟುಗಳಲ್ಲಿ ಈ ಕೊನೆಯದನ್ನು ಒಂದು ಸಾಲಿನಲ್ಲಿ ತೆಗೆದುಹಾಕಿರುತ್ತಾರೆ. ಆ ಸಾಲನ್ನು ಹುಡುಕಿ.

ಹಳೆಯ ಕಾಗದಗಳಲ್ಲಿ ‘99 ವರ್ಷ’ ಅಂತ ಬರೆಯುವ ರೂಢಿ ಇತ್ತು. ಸಿನಿಮಾದ ಕಾಪಿರೈಟ್ ಇರುವುದೇ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ತೊಂಬತ್ತೊಂಬತ್ತು ಅಂದರೆ ಇರುವ ಅಷ್ಟೂ ವರ್ಷ ಕೊಟ್ಟಂತೆಯೇ. ತಂದೆ ಮಾಡಿದ ಸಿನಿಮಾದ ಹಕ್ಕು ಯಾರ ಹತ್ತಿರ ಇದೆ ಅಂತ ಇವತ್ತು ಮಕ್ಕಳು ಹುಡುಕಾಡುತ್ತಿದ್ದರೆ ಆ ಹಳೆಯ ಅಗ್ರಿಮೆಂಟಿನ ವ್ಯಾಖ್ಯೆಯ ಪುಟವನ್ನು ತೆಗೆದು, ಸಹಿಯಾದ ವರ್ಷವನ್ನೂ ಅಲ್ಲಿ ಹೆಸರಿಸಿದ ಮಾಧ್ಯಮಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಗಿನ ಅಗ್ರಿಮೆಂಟಿಗೆ ಆಗಿನ ಕಾನೂನು. 2012ರ ರಕ್ಷಣೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ ಅಂದುಕೊಳ್ಳಬೇಡಿ.

ಒಟಿಟಿ ‘ಪ್ರಸಾರ ಕಾನೂನು’ ವ್ಯಾಪ್ತಿಗೆ ಬರುತ್ತದಾ?

ಕೇಬಲ್ ಕಾಯ್ದೆಗೆ ಬರುವುದಿಲ್ಲ. ಒಟಿಟಿಗೆ ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿ 2021ರ ಫೆಬ್ರುವರಿಯಲ್ಲಿ ಬಂದ ನಿಯಮಗಳು. ವಯಸ್ಸಿನ ವರ್ಗೀಕರಣವನ್ನು ವೇದಿಕೆಯವರೇ ಮಾಡಿಕೊಳ್ಳಬೇಕು: ಯು, ಯುಎ 7+, 13+, 16+, ಎ. ನೀತಿ ಸಂಹಿತೆ ಪಾಲಿಸಲೇಬೇಕು ಅನ್ನುವ ಭಾಗಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಟಿವಿ ಮತ್ತು ಒಟಿಟಿ ಎರಡಕ್ಕೂ ಒಂದೇ ಅಗ್ರಿಮೆಂಟ್ ಇದ್ದರೆ ಎರಡು ವ್ಯಾಖ್ಯೆ ಕೇಳಿ. ಒಂದೇ ಚೀಲಕ್ಕೆ ತುಂಬಿದರೆ ಒಟಿಟಿಗಾಗಿ ಮಾಡಿದ ದೃಶ್ಯಕ್ಕೂ ಟಿವಿಯ ಕಾರ್ಯಕ್ರಮ ಸಂಹಿತೆ ಅಂಟಿಕೊಳ್ಳುತ್ತದೆ.

ನನ್ನ ಸಿನಿಮಾಕ್ಕೆ ‘ಎ’ ಸಿಕ್ಕಿದೆ. ಅಗ್ರಿಮೆಂಟಿನಲ್ಲಿ ಇದು ಎಲ್ಲಿ ಬರುತ್ತದೆ?

‘ಪ್ರಸಾರ ಕಾನೂನಿಗೆ ಅನುಗುಣವಾದ ಪ್ರತಿ ಒಪ್ಪಿಸತಕ್ಕದ್ದು’ ಅನ್ನುವ ಸಾಲಿನಲ್ಲಿ ಅಡಗಿರುತ್ತದೆ. ‘ಎ’ ಸಿನಿಮಾ ಹಾಗೇ ಟಿವಿಗೆ ಹೋಗುವಂತಿಲ್ಲ. ದೃಶ್ಯ ಕಡಿಮೆ ಮಾಡಿ, ಮತ್ತೆ ಸೆನ್ಸಾರ್‌ಗೆ ಹಾಕಿ, ಟಿವಿಗೆ ತಕ್ಕ ಪ್ರಮಾಣಪತ್ರ ತರಬೇಕು. ಖರ್ಚು ಯಾರದ್ದು, ಕತ್ತರಿ ಯಾರ ಕೈಯಲ್ಲಿ, ತಡವಾದರೆ ಹಣದ ಕಂತು ನಿಲ್ಲುತ್ತದಾ ಅನ್ನುವುದನ್ನು ಬಿಡಿಸಿ ಬರೆಸಿ. ನಿರ್ದೇಶಕರನ್ನೂ ಆ ಮಾತುಕತೆಯಲ್ಲಿ ಕೂರಿಸಿಕೊಳ್ಳಿ. ಅವರ ಸಿನಿಮಾ ಅದು.

ಧಾರಾವಾಹಿಯ ಮೇಲೆ ದೂರು ಬಂದರೆ ಎಲ್ಲವೂ ನಿರ್ಮಾಪಕರ ತಲೆಗಾ?

ಕಾನೂನಿನ ಪ್ರಕಾರ ದೂರು ಮೊದಲು ಹೋಗುವುದು ಚಾನೆಲ್‌ಗೆ. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ಮೂರು ಹಂತದ ವ್ಯವಸ್ಥೆ ಬಂತು: ಚಾನೆಲ್, ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆ, ಆಮೇಲೆ ಕೇಂದ್ರ ಸರ್ಕಾರ. ಅಲ್ಲಿ ಬಿದ್ದ ಹೊರೆಯನ್ನು ನಿರ್ಮಾಪಕರಿಗೆ ದಾಟಿಸುವುದು ಅಗ್ರಿಮೆಂಟ್. ಪ್ರತಿ ಕಂತನ್ನೂ ಚಾನೆಲ್‌ನವರು ನೋಡಿ, ಒಪ್ಪಿ, ಕೆಲವೊಮ್ಮೆ ಕಥೆಯನ್ನೇ ತಿದ್ದಿಸಿ ಪ್ರಸಾರ ಮಾಡುತ್ತಾರೆ ಅಲ್ವಾ? ಹಾಗಿದ್ದಾಗ ಚಾನೆಲ್ ಒಪ್ಪಿದ ಅಥವಾ ತಿದ್ದಿಸಿದ ಭಾಗಕ್ಕೆ ನಿರ್ಮಾಪಕರು ಹೊಣೆಯಲ್ಲ ಅಂತ ಬರೆಸಿಕೊಳ್ಳುವುದು ನ್ಯಾಯ. ನಷ್ಟ ತುಂಬುವ ಮೊತ್ತಕ್ಕೂ ಒಂದು ಮಿತಿ ಇರಲಿ.

ನಾನು ಕೇಬಲ್ ಆಪರೇಟರ್. ನನ್ನ ಅಗ್ರಿಮೆಂಟಿಗೆ ಇದೆಲ್ಲ ಬರುತ್ತದಾ?

ನಿಮ್ಮದು ಇನ್ನೂ ಬಿಗಿ. ಎಂಎಸ್‌ಒ (ಚಾನೆಲ್‌ಗಳಿಂದ ಸಿಗ್ನಲ್ ಪಡೆದು ಲೋಕಲ್ ಆಪರೇಟರ್‌ಗಳಿಗೆ ಕೊಡುವ ದೊಡ್ಡ ಕೇಬಲ್ ಕಂಪನಿ) ಮತ್ತು ಲೋಕಲ್ ಆಪರೇಟರ್ ನಡುವಿನ ಒಪ್ಪಂದ ಹೇಗಿರಬೇಕು ಅಂತ ಟ್ರಾಯ್‌ನ 2017ರ ಇಂಟರ್‌ಕನೆಕ್ಷನ್ ನಿಬಂಧನೆಗಳಲ್ಲೇ ಮಾದರಿ ಇದೆ. ಲಿಖಿತ ಒಪ್ಪಂದ ಇಲ್ಲದೆ ಸಿಗ್ನಲ್ ಕೊಡುವಂತಿಲ್ಲ. ಸಂಪರ್ಕ ಕಡಿಯಬೇಕಾದರೆ ಮೂರು ವಾರದ ನೋಟಿಸ್ ಬೇಕು. ಹೀಗಾಗಿ ನಿಮ್ಮ ಕಾಗದದಲ್ಲಿ ‘ಪ್ರಸಾರ ಕಾನೂನು’ ಅಂದರೆ ಹೆಚ್ಚಾಗಿ ಟ್ರಾಯ್ ನಿಬಂಧನೆ, ದರ ಆದೇಶ, ಸೇವಾ ಗುಣಮಟ್ಟದ ನಿಯಮ. ಚಾನೆಲ್ ದರದ ವಿಷಯದಲ್ಲಿ ಟ್ರಾಯ್‌ಗೆ ನಿಯಮ ಮಾಡುವ ಅಧಿಕಾರ ಇದೆ ಅಂತ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಒಪ್ಪಿತು.

ನೋಂದಣಿಯನ್ನೂ ಮರೆಯಬೇಡಿ. ಮೊದಲು ಹೆಡ್ ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ಮಾಡಿಸಬೇಕಿತ್ತು, 2025ರಿಂದ ಆನ್‌ಲೈನ್, ಐದು ವರ್ಷಕ್ಕೆ. ನೋಂದಣಿ ಮುಗಿದುಹೋದರೆ ‘ಪ್ರಸಾರ ಕಾನೂನು ಪಾಲಿಸಿಲ್ಲ’ ಅಂತ ಎಂಎಸ್‌ಒ ಒಪ್ಪಂದ ಮುರಿಯಲು ಅದೇ ಕಾರಣವಾದೀತು. ಸ್ಥಳೀಯವಾಗಿ ಕ್ರಮ ತೆಗೆದುಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸ್ ಕಮಿಷನರ್‌ಗೆ ಇದೆ.

ತಕರಾರು ಬಂದರೆ ಎಲ್ಲಿಗೆ ಹೋಗಬೇಕು?

ಎಂಎಸ್‌ಒ, ಆಪರೇಟರ್, ಚಾನೆಲ್‌ನಂಥ ಸೇವಾದಾರರ ನಡುವಿನ ಜಗಳ ದೆಹಲಿಯ ಟಿಡಿಸ್ಯಾಟ್‌ಗೆ (ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿಗೆ) ಹೋಗುತ್ತದೆ. ಟ್ರಾಯ್ ಕಾಯ್ದೆಯ 15ನೇ ಕಲಂ ಅಂಥ ಜಗಳಕ್ಕೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ. ಅಗ್ರಿಮೆಂಟಿನಲ್ಲಿ ‘ಬೆಂಗಳೂರು ಕೋರ್ಟುಗಳಿಗೆ ಮಾತ್ರ’ ಅಂತ ಬರೆದಿದ್ದರೂ ಅದು ಬದಲಾಗದು. ಸಿನಿಮಾ ನಿರ್ಮಾಪಕ ಮತ್ತು ಚಾನೆಲ್ ನಡುವಿನದು ಬೇರೆ. ನಿರ್ಮಾಪಕ ಸೇವಾದಾರನಲ್ಲ. ಅಲ್ಲಿ ಮಧ್ಯಸ್ಥಿಕೆ ಅಥವಾ ವಾಣಿಜ್ಯ ನ್ಯಾಯಾಲಯ. ದೂರದ ಮುಂಬೈ, ದೆಹಲಿಯನ್ನು ಮಧ್ಯಸ್ಥಿಕೆಯ ಜಾಗ ಅಂತ ಬರೆದಿದ್ದರೆ ಬೆಂಗಳೂರು ಕೇಳಿ.

ರೇಡಿಯೊ?

ಖಾಸಗಿ ಎಫ್‌ಎಂನವರು ಸರ್ಕಾರದ ಜೊತೆ ಅನುಮತಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಆಕಾಶವಾಣಿಯ ಕಾರ್ಯಕ್ರಮ ಮತ್ತು ಜಾಹೀರಾತು ಸಂಹಿತೆಯನ್ನೇ ಅವರೂ ಪಾಲಿಸಬೇಕು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ.

ಒಂದು ವ್ಯಾಖ್ಯೆ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅನ್ನುವ ಸಮುದಾಯ ರೇಡಿಯೊವನ್ನು ನೋಡಬೇಕು. ಸಮುದಾಯದವರಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಲೈಸೆನ್ಸ್ ಸಿಗುತ್ತಿರಲಿಲ್ಲ. ಊರಿನವರು ತಮ್ಮ ದನಿಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಪರವಾನಗಿ ಕೊಡುವ ನೀತಿ ಬಂದಿದ್ದು 2006ರಲ್ಲಿ.

ಕ್ರೀಡಾ ಪಂದ್ಯದ ಹಕ್ಕು ಕೊಳ್ಳುವ ಅಗ್ರಿಮೆಂಟಿನಲ್ಲಿ ವಿಶೇಷ ಏನಾದರೂ ಇದೆಯಾ?

ಸರ್ಕಾರ ರಾಷ್ಟ್ರೀಯ ಮಹತ್ವದ್ದು ಅಂತ ಅಧಿಸೂಚಿಸಿದ ಪಂದ್ಯವಾದರೆ 2007ರ ಕ್ರೀಡಾ ಪ್ರಸಾರ ಸಿಗ್ನಲ್ ಹಂಚಿಕೆಯ ಕಾಯ್ದೆ ಬರುತ್ತದೆ. ನೇರ ಪ್ರಸಾರದ ಸಿಗ್ನಲ್ ಪ್ರಸಾರ ಭಾರತಿಗೆ ಕೊಡಬೇಕು. ಟಿವಿ ಜಾಹೀರಾತಿನ ಆದಾಯ 75:25, ದೊಡ್ಡ ಪಾಲು ಹಕ್ಕುದಾರರಿಗೆ. ಹಾಗೆ ಕೊಟ್ಟ ಸಿಗ್ನಲ್ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲ್‌ಗೆ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಊರ ಕಬಡ್ಡಿ ಪಂದ್ಯಾವಳಿ ತೋರಿಸುವವರಿಗೆ ಈ ಕಾಯ್ದೆಯ ಚಿಂತೆ ಇಲ್ಲ.

ವಿದೇಶದ ಕನ್ನಡಿಗರಿಗೂ ತೋರಿಸುತ್ತೇವೆ. ಆಗ?

ಬ್ರಿಟನ್‌ನಲ್ಲಿ ಚಾನೆಲ್‌ಗಳ ಮೇಲೆ ಆಫ್‌ಕಾಮ್ ಅನ್ನುವ ನಿಯಂತ್ರಣ ಸಂಸ್ಥೆ ಇದೆ, ಅದಕ್ಕೆ ತನ್ನದೇ ಪ್ರಸಾರ ಸಂಹಿತೆ ಇದೆ. ಬೇರೆ ದೇಶಗಳಿಗೆ ಅವರವರ ಕಾನೂನು. ಅಲ್ಲಿ ಲೈಸೆನ್ಸ್ ಪಡೆಯುವವರು ಚಾನೆಲ್‌ನವರು, ಅಲ್ಲಿನ ನಿಯಮ ಗೊತ್ತಿರುವುದೂ ಅವರಿಗೇ. ಹೊರದೇಶದ ಕಾನೂನಿನ ಹೊಣೆ ಪೂರ್ತಿ ಅವರದ್ದಾಗಿರಲಿ, ನಿಮ್ಮ ಖಾತರಿ ಭಾರತದ ಗಡಿಯಲ್ಲಿ ನಿಲ್ಲಲಿ.

ಅಗ್ರಿಮೆಂಟನ್ನು ಕನ್ನಡದಲ್ಲಿ ಮಾಡಿಕೊಳ್ಳಬಹುದಾ?

ಖಂಡಿತ. ಕರಾರು ಕಾಯ್ದೆ ಇಂಥದೇ ಭಾಷೆ ಬೇಕು ಅಂತ ಹೇಳುವುದಿಲ್ಲ. ಎರಡೂ ಭಾಷೆಯಲ್ಲಿ ಮಾಡಿಕೊಂಡರೆ ವ್ಯತ್ಯಾಸ ಬಂದಾಗ ಯಾವುದು ಮೇಲು ಅಂತ ಒಂದು ಸಾಲು ಬರೆದಿಡಿ. ಛಾಪಾ ಕಾಗದದ ಮೌಲ್ಯ ಕರ್ನಾಟಕದ 1957ರ ಸ್ಟ್ಯಾಂಪ್ ಕಾಯ್ದೆಯ ಪ್ರಕಾರ ಇರಬೇಕು. ಕಡಿಮೆಯಾದರೆ ದಂಡ ಸೇರಿಸಿ ಕಟ್ಟುವವರೆಗೆ ಕೋರ್ಟು ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ಚಾನೆಲ್‌ನವರು ‘ಇದು ನಮ್ಮ ಸ್ಟ್ಯಾಂಡರ್ಡ್ ಫಾರ್ಮ್ಯಾಟ್, ಬದಲಾಯಿಸಲ್ಲ’ ಅಂದರೆ?

ಈ ಮಾತು ಕೇಳದವರೇ ಇಲ್ಲ. ವ್ಯಾಖ್ಯೆ ಬದಲಾಯಿಸಲು ಒಪ್ಪದಿದ್ದರೆ ಅದನ್ನು ಹಾಗೇ ಬಿಟ್ಟು, ಖಾತರಿಯ ಕಲಂನಲ್ಲಿ ತಿದ್ದುಪಡಿ ಕೇಳಿ: ‘ನಿರ್ಮಾಪಕರಿಗೆ ತಿಳಿದಿರುವ ಮಟ್ಟಿಗೆ’, ‘ಒಪ್ಪಿಸಿದ ದಿನದವರೆಗೆ’, ‘ಭಾರತದಲ್ಲಿ’. ಅದಕ್ಕೂ ಒಪ್ಪದಿದ್ದರೆ ಇದೇ ಮೂರು ಮಾತನ್ನು ಹಾಕಿ ಒಂದು ಪಕ್ಕ ಪತ್ರ (ಸೈಡ್ ಲೆಟರ್) ಬರೆಸಿ, ಅದು ಅಗ್ರಿಮೆಂಟಿನ ಭಾಗ ಅಂತ ಎರಡೂ ಕಡೆ ಸಹಿ ಮಾಡಿಸಿಕೊಳ್ಳಿ. ‘ಈ ಅಗ್ರಿಮೆಂಟೇ ಪೂರ್ತಿ ಒಪ್ಪಂದ, ಬೇರೆ ಯಾವುದಕ್ಕೂ ಬೆಲೆ ಇಲ್ಲ’ ಅನ್ನುವ ಕಲಂ ಕೊನೆಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಆ ಪತ್ರಕ್ಕೆ ಹಾಕುವ ತಾರೀಕು ಅಗ್ರಿಮೆಂಟಿಗಿಂತ ಹಿಂದಿನದಾಗದಂತೆ ನೋಡಿಕೊಳ್ಳಿ.